ಸೆಲ್ಲರ್ ಗೋಡೆ ಬಿರುಕು ಬಿಟ್ಟಿದೆ, ಎಪಾಕ್ಸಿ ತುಂಬಿಸೋದಾ, ಮನೆ ಮಾರೋದಾ?

ಪ್ರಶ್ನೆ: "ಸರ್, ಹುಬ್ಬಳ್ಳಿ ಹೊರಗಿನ ಒಂದು ಲೇಔಟ್‌ನ್ಯಾಗ 2017ರಾಗ ಮನಿ ಕಟ್ಟಿಸೇವಿ. ಎರಿ ಮಣ್ಣು. ಸೈಟು ರಸ್ತೆಗಿಂತ ತಗ್ಗಿತ್ತು ಅಂತ ಕೆಳಗ ಸೆಲ್ಲರ್ ಮಾಡಿ ಸುತ್ತ ಕಾಂಕ್ರೀಟ್ ಗ್ವಾಡಿ ಹಾಕಿಸಿದ್ವಿ, 8 ಇಂಚು ದಪ್ಪ, 9 ಅಡಿ ಎತ್ತರ. ರಸ್ತೆ ಕಡೆ 7 ಅಡಿ ಮಟ ಮಣ್ಣು ಐತಿ. ಈಗ ಮೂರು ಕಡೆ ಬಿರುಕು ಅದಾವು. ಬಲಗಡೆ ಗ್ವಾಡಿಗೆ ವೆಂಟಿಲೇಟರ್ ಮೂಲಿಯಿಂದ ನೆಲದ ಮಟ ಒಂದು ಸಣ್ಣ ಸೀಳು, ಮೊದಲನೇ ವರ್ಷನ ಬಂದಿದ್ದು, ಮಳಿಗಾಲದಾಗ ಅಲ್ಲಿ ನೀರು ಜಿನಗತೈತಿ, ಬಿಳಿ ಪುಡಿ ಬರತೈತಿ. ರಸ್ತೆ ಕಡೆ ಗ್ವಾಡಿಗೆ ನೆಲದಿಂದ ನಾಕಡಿ ಮ್ಯಾಲೆ ಉದ್ದಕ್ಕ ಅಡ್ಡ ಬಿರುಕು, ಎರಡು ಮಳಿಗಾಲದಿಂದ, ಈಗ ಎಟಿಎಂ ಕಾರ್ಡ್ ತುದಿ ಒಳಗ ಹೋಗತೈತಿ. ಮೂರನೇದು ಮ್ಯಾಲಿನ ಹಿಂದಿನ ಬೆಡ್‌ರೂಮಿನ ಮೂಲ್ಯಾಗ, ಕಿಡಕಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಸೀಳೇತಿ, ಬ್ಯಾಸಗ್ಯಾಗ ತೆರಿತೈತಿ, ಮಳಿಗಾಲಕ್ಕ ಮುಚ್ಚತೈತಿ. ಆ ಮೂಲಿಗೆ ಹತ್ತಡಿ ದೂರದಾಗ ದೊಡ್ಡ ಬೇವಿನ ಗಿಡ ಐತಿ. ಗೌಂಡಿ ಕೆತ್ತಿ ಸಿಮೆಂಟ್ ತುಂಬಿ ಎರಡು ಸಲ ಪ್ಲಾಸ್ಟರ್ ಮಾಡ್ಯಾನ, ಮತ್ತ ಬಿಟ್ಟೈತಿ. ಕೆಮಿಕಲ್‌ನವರು ಬಂದು ಮೂರಕ್ಕೂ ಎಪಾಕ್ಸಿ ತುಂಬ್ತೀವಿ, ಒಂದು ಲಕ್ಷ ನಲವತ್ತು ಸಾವಿರ, ಹತ್ತು ವರ್ಷ ವಾರಂಟಿ ಅಂತಾರ. ನಮ್ಮ ಕಾಕಾ ಮನಿ ಕುಸಿಯಾಕತ್ತೈತಿ, ಮಾರಿಬಿಡ್ರಿ ಅಂತಾರ. ಏನ್ ಮಾಡೂಣು? ಹಾಂ, ಮನಿ ಮುಂದ ಗಟಾರ ಮಾಡ್ತೀವಿ ಅಂತ ಎರಡು ವರ್ಷದ ಹಿಂದ ಅಗದಾರ, ಇನ್ನೂ ಕಟ್ಟಿಲ್ಲ, ನಮ್ಮ ತಾರಸಿ ಪೈಪೂ ಅದರಾಗ ಬಿಟ್ಟೇವಿ."

ಉತ್ತರ:

ನಿಮ್ಮ ಪತ್ರದ ಕೊನೇ ಸಾಲಿಂದಾನೇ ಶುರು ಮಾಡ್ತೀನಿ. ಗಟಾರ ಅಗೆದು ಎರಡು ವರ್ಷ, ಅಡ್ಡ ಬಿರುಕು ಬಂದು ಎರಡು ಮಳೆಗಾಲ. ಇದನ್ನ ನೀವು ಹಾಂ ಅಂತ ನೆನಪಾಗಿ ಕೊನೆಗೆ ಸೇರಿಸಿದೀರ, ಆದ್ರೆ ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡಿದ್ದು ಅದೇ.

ಮನೆ ಮಾರೋ ಮಾತು ಸದ್ಯಕ್ಕೆ ಬೇಡ, ನೀವು ಬರೆದಿರೋದ್ರಲ್ಲಿ ಅಂಥ ಲಕ್ಷಣ ಏನೂ ಕಾಣ್ತಿಲ್ಲ. ಹಾಗಂತ ಮೂರಕ್ಕೂ ಎಪಾಕ್ಸಿ, ಅಂದ್ರೆ ಬಿರುಕಿಗೆ ತುಂಬೋ ಗಟ್ಟಿ ರಾಳದ ಅಂಟು, ಹೊಡೆಸಿ ಪೇಂಟ್ ಬಳಿದು ನಿಶ್ಚಿಂತೆಯಾಗಿ ಇರಿ ಅಂತಾನೂ ಹೇಳಕ್ಕಾಗಲ್ಲ, ಯಾಕಂದ್ರೆ ನಿಮ್ಮ ಮನೇಲಿರೋದು ಮೂರು ಬೇರೆ ಬೇರೆ ಬಿರುಕು, ಮೂರಕ್ಕೂ ಕಾರಣ ಬೇರೆ, ಒಂದಂತೂ ಹೆಚ್ಚು ಕಮ್ಮಿ ನಿರುಪದ್ರವಿ, ಒಂದು ಬೇಸಿಗೆ ಮಳೆಗಾಲಕ್ಕೆ ತಕ್ಕ ಹಾಗೆ ತೆರೆದು ಮುಚ್ಚೋದು, ಇನ್ನೊಂದನ್ನ ಮಾತ್ರ ಮುಂದಿನ ಮಳೆಗಾಲದವರೆಗೂ ಬಿಡಬಾರದು. ಮೂರಕ್ಕೂ ಒಂದೇ ಔಷಧಿ ಹೇಳಿದಾರೆ ಅಂದ್ರೆ ಅವರು ಗೋಡೆ ನೋಡಿಲ್ಲ, ಅಡಿ ಲೆಕ್ಕ ನೋಡಿದಾರೆ ಅಷ್ಟೆ.

ಮೊದಲು ಬಲಗಡೆ ಗೋಡೆ. ಆರ್‌ಸಿಸಿ, ಅಂದ್ರೆ ಒಳಗೆ ಕಬ್ಬಿಣದ ರಾಡ್ ಇರೋ ಕಾಂಕ್ರೀಟ್ ಗೋಡೆ ಬಿರುಕೇ ಬಿಡಬಾರದು, ಬಿಟ್ರೆ ಕೆಲಸ ಕೆಟ್ಟಿದೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಹಾಗಿಲ್ಲ. ಕಾಂಕ್ರೀಟ್ ಒಣಗ್ತಾ ಒಣಗ್ತಾ ಕುಗ್ಗತ್ತೆ, ಕೆಳಗೆ ಪಾಯ ಹಿಡ್ಕೊಂಡಿರೋದ್ರಿಂದ ಸರಾಗವಾಗಿ ಕುಗ್ಗಕ್ಕೆ ಆಗಲ್ಲ, ಆಗ ಎಲ್ಲಿ ದುರ್ಬಲವೋ ಅಲ್ಲಿ ಬಿಡತ್ತೆ, ಮತ್ತೆ ಗೋಡೆಯಲ್ಲಿ ದುರ್ಬಲ ಜಾಗ ಅಂದ್ರೆ ವೆಂಟಿಲೇಟರ್, ಕಿಟಕಿ, ಪೈಪ್ ಹೋಗಿರೋ ತೂತಿನ ಮೂಲೆಗಳೇ. ಕ್ಯೂರಿಂಗ್, ಅಂದ್ರೆ ನೀರು ಹೊಡೆದು ಒದ್ದೆ ಇಡೋದನ್ನ ಸರಿಯಾಗಿ ಮಾಡದೇ ಇದ್ರೆ, ಕಾಂಕ್ರೀಟ್ ಕಲಸುವಾಗ ನೀರು ಜಾಸ್ತಿ ಸುರಿದಿದ್ರೆ ಇನ್ನೂ ಬೇಗ. ಕಾಂಕ್ರೀಟ್ ಕಟ್ಟಡಗಳಿಗಿರೋ ನಮ್ಮ ಭಾರತೀಯ ಮಾನಕ ಐಎಸ್ 456 ಕೋಡೇ ಸಾಮಾನ್ಯ ಜಾಗದಲ್ಲಿ 0.3 ಮಿಮೀ ಅಗಲದವರೆಗೂ, ಮಣ್ಣು ಇಲ್ಲಾ ನೀರು ತಾಗೋ ಕಡೆ 0.2 ಮಿಮೀವರೆಗೂ ಬಿರುಕನ್ನ ಒಪ್ಪತ್ತೆ. ಅಳೆಯೋದು ಹೇಗೆ ಅಂದ್ರೆ, ಪ್ರಿಂಟರ್‌ಗೆ ಹಾಕೋ ಎ4 ಹಾಳೆ ಒಂದು ಸುಮಾರು 0.1 ಮಿಮೀ ದಪ್ಪ. ಒಂದು ಹಾಳೆ ಕಷ್ಟಪಟ್ಟು ಹೋಗತ್ತೆ, ಎರಡು ಸೇರಿಸಿದ್ರೆ ಹೋಗಲ್ಲ ಅಂದ್ರೆ ನೀವು ಆರಾಮಾಗಿರಬಹುದು.

ಬಿಳಿ ಪುಡಿ ನೋಡಿ ಸಿಮೆಂಟ್ ಕರಗಿ ಹೋಗ್ತಿದೆ ಅಂತ ಗಾಬರಿ ಬೇಡ. ನೀರು ಕಾಂಕ್ರೀಟಿನೊಳಗಿನ ಸುಣ್ಣದ ಅಂಶ ಹೊತ್ಕೊಂಡು ಬಂದು ಗಾಳಿ ತಾಗಿದ ಕಡೆ ಬಿಟ್ಟು ಹೋಗತ್ತೆ, ಅಷ್ಟೆ. ತೀರಾ ಸಣ್ಣ ಬಿರುಕಾದ್ರೆ ಆ ಸುಣ್ಣನೇ ಅದನ್ನ ತಾನಾಗಿ ಮುಚ್ಚೋದೂ ಉಂಟು. ಆದ್ರೆ ಕಂದು ಬಣ್ಣ ಬರ್ತಿದ್ರೆ ಕಥೆ ಬೇರೆ, ಅದು ಒಳಗಿನ ರಾಡ್ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಜಾಗ ತಗೊಳ್ಳೋದ್ರಿಂದ ಒಳಗಿಂದಾನೇ ಕಾಂಕ್ರೀಟನ್ನ ಒಡೆದು ಹಾಕತ್ತೆ. ಕಂದು ಕಲೆ ಇರೋ ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದ್ರೆ ಅಲ್ಲಿ ಪದರ ಬಿಟ್ಟಿದೆ ಅಂತ ಅರ್ಥ.

ಈಗ ರಸ್ತೆ ಕಡೆ ಗೋಡೆ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀಬೇಕು. ನಿಮ್ಮ ಸೆಲ್ಲರ್ ಗೋಡೆಗೆ ಕೆಳಗೆ ಪಾಯದ ಹಿಡಿತ, ಮೇಲೆ ಸ್ಲ್ಯಾಬ್ ಹಿಡಿತ, ನಡುವೆ ಹೊರಗಿನ ಮಣ್ಣು ತಳ್ತಾ ಇರತ್ತೆ. ಎರಡು ತುದಿ ಊರಿದ ಹಲಗೆ ಮೇಲೆ ಭಾರ ಹೇರಿದ್ರೆ ಮಧ್ಯದಲ್ಲಿ ಕೆಳಗಿನ ಮೈ ಬಿರಿಯತ್ತಲ್ಲ, ಅದನ್ನೇ ನೆಟ್ಟಗೆ ನಿಲ್ಲಿಸಿ ನೋಡಿ. ಮಣ್ಣಿನ ಒತ್ತಡ ಕೆಳಗೆ ಹೋದ ಹಾಗೆ ಜಾಸ್ತಿ ಆಗೋದ್ರಿಂದ ಗೋಡೆ ಹೆಚ್ಚು ಬಾಗೋ ಜಾಗ ಸರಿ ಮಧ್ಯಕ್ಕಿಂತ ಒಂಚೂರು ಕೆಳಗೆ ಬೀಳತ್ತೆ, 9 ಅಡಿ ಗೋಡೆಗೆ ಅದು ನೆಲದಿಂದ ಹತ್ತಿರ ಹತ್ತಿರ ನಾಲ್ಕಡಿ. ನೀವು ಬರೆದಿರೋದೂ ನಾಲ್ಕಡಿ ಅಂತಾನೇ. ಇನ್ನು ಅಗಲ, ಎಟಿಎಂ ಕಾರ್ಡ್ ದಪ್ಪ ಮುಕ್ಕಾಲು ಮಿಲಿಮೀಟರ್, ಅಂದ್ರೆ ಕೋಡ್ ಒಪ್ಪೋ 0.2ರ ಮೂರು ಪಟ್ಟಿಗೂ ಮೇಲೆ. ಇದು ಒಣಗಿ ಕುಗ್ಗಿದ ಬಿರುಕಲ್ಲ, ಗೋಡೆ ಬಾಗ್ತಿರೋ ಬಿರುಕು ಅಂತಾನೇ ನನ್ನ ಅನುಮಾನ.

ಒಂದೇ ಒಂದು ಬೇರೆ ಸಾಧ್ಯತೆ ಇದೆ. ಗೋಡೆನ ಎರಡು ದಿನ ಎರಡು ಸಲ ಕಾಂಕ್ರೀಟ್ ಹಾಕಿದ್ರೆ ಮೊದಲ ದಿನ ನಿಲ್ಲಿಸಿದ ಮಟ್ಟದಲ್ಲಿ ಜಾಯಿಂಟ್ ಉಳಿಯತ್ತೆ, ಆಮೇಲೆ ಅದೇ ತೆರ್ಕೊಂಡು ಬಿರುಕಿನ ಹಾಗೆ ಕಾಣತ್ತೆ. ಅದು ದಾರ ಹಿಡಿದ ಹಾಗೆ ನೇರ ಇರತ್ತೆ, ಅಲ್ಲಲ್ಲಿ ಜಲ್ಲಿ ಬಿಟ್ಕೊಂಡ ಜೇನುಗೂಡಿನಂಥ ಗುರುತು ಇರತ್ತೆ. ಕಟ್ಟುವಾಗ ಮೊಬೈಲಲ್ಲಿ ತೆಗೆದ ಫೋಟೋ ಇದ್ರೆ ಹುಡುಕಿ, ಸೆಂಟ್ರಿಂಗ್ ಎಷ್ಟೆತ್ತರಕ್ಕೆ ಕಟ್ಟಿದ್ರು, ರಾಡು ಗೋಡೆಯ ಯಾವ ಮೈಗೆ ಕಟ್ಟಿದ್ರು ಅನ್ನೋದು ಅದರಲ್ಲಿ ಗೊತ್ತಾಗತ್ತೆ. ಈ ರಾಡಿನ ವಿಷಯ ಸಣ್ಣದಲ್ಲ. ಮೇಲೂ ಕೆಳಗೂ ಹಿಡಿತ ಇರೋ ಸೆಲ್ಲರ್ ಗೋಡೆಗೆ ಮಧ್ಯದಲ್ಲಿ ಒಳಗಿನ ಮೈ ಕಡೆ, ಅಂದ್ರೆ ಸೆಲ್ಲರ್ ಕಡೆ, ಸ್ಟೀಲ್ ಬೇಕು. ಮಣ್ಣು ಹೊರಗಿಂದ ತಾನೇ ತಳ್ಳೋದು ಅಂದ್ಕೊಂಡು ಹೊರಗಿನ ಮೈಗೆ ಕಟ್ಟಿರೋದು, ಇಲ್ಲಾ ನಟ್ಟನಡುವೆ ಒಂದೇ ಜಾಲಿ ಇಳಿಬಿಟ್ಟಿರೋದನ್ನ ನಾನು ಎಷ್ಟೋ ಕಡೆ ನೋಡಿದೀನಿ.

ಇಷ್ಟು ವರ್ಷ ನಿಂತಿದ್ದ ಗೋಡೆ ಎರಡು ವರ್ಷದಿಂದ ಯಾಕೆ ಬಾಗ್ತಿದೆ? ನೀರು. ಎರೆಮಣ್ಣು ನೀರು ಕುಡಿದ್ರೆ ಉಬ್ಬತ್ತೆ, ಒಣಗಿದ್ರೆ ಕುಗ್ಗತ್ತೆ, ಅದರಲ್ಲಿರೋ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿಯ ಗುಣ ಅದು. ನವಲಗುಂದ, ಅಣ್ಣಿಗೇರಿ ಕಡೆ ಹೊಲದಲ್ಲಿ ಬೇಸಿಗೇಲಿ ಕೈ ತೂರೋವಷ್ಟು ಬಾಯಿ ಬಿಟ್ಟಿರೋದನ್ನ ನೀವೇ ನೋಡಿರ್ತೀರಿ. ನಿಮ್ಮ ಗೋಡೆ ಪಕ್ಕದ ಮಣ್ಣೂ ಬೇಸಿಗೇಲಿ ಹಾಗೇ ಬಾಯಿ ಬಿಡತ್ತೆ, ಮೊದಲ ಮಳೆಗೆ ಗಟಾರದ ನೀರು ಆ ಸೀಳಲ್ಲಿ ನೇರವಾಗಿ ಪಾಯದವರೆಗೂ ಇಳಿಯತ್ತೆ, ಆಮೇಲೆ ಮಣ್ಣು ಉಬ್ಬಕ್ಕೆ ಶುರು ಮಾಡತ್ತೆ. ಲೆಕ್ಕ ಬೇಕಾ? 7 ಅಡಿ ಎತ್ತರಕ್ಕೆ ನೀರು ನಿಂತ್ರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಎರಡು ಟನ್ನಿಗೂ ಮೇಲೆ ತಳ್ಳತ್ತೆ, 24 ಅಡಿ ಉದ್ದದ ಗೋಡೆ ಅಂತಿಟ್ಕೊಳ್ಳಿ, 15 ಟನ್ ದಾಟತ್ತೆ, ಇದು ಬರೀ ನೀರಿಂದು, ಮಣ್ಣಿನ ಭಾರ, ಉಬ್ಬಿದ ಒತ್ತಡ ಇನ್ನೂ ಸೇರಿಸಿಲ್ಲ. ಇನ್ನು ತಾರಸಿ ನೀರು. ಸಾವಿರ ಚದರಡಿ ತಾರಸಿ ಮೇಲೆ ಒಂದು ಇಂಚು ಮಳೆ ಅಂದ್ರೆ 2,300 ಲೀಟರ್‌ಗೂ ಜಾಸ್ತಿ. ಅಷ್ಟನ್ನೂ ನೀವೇ ಪೈಪ್ ಹಾಕಿ ಆ ಗೋಡೆ ಬುಡಕ್ಕೆ ಬಿಟ್ಟಿದೀರ!

ಹಾಗಾಗಿ ಆ ಗೋಡೆಗೆ ಮೊದಲು ಎಪಾಕ್ಸಿ ಹೊಡೆಸಿದ್ರೆ ಏನಾಗತ್ತೆ ಗೊತ್ತಾ, ಎಪಾಕ್ಸಿ ಕಾಂಕ್ರೀಟಿಗಿಂತ ಗಟ್ಟಿ, ಕೆಮಿಕಲ್‌ನವರು ಹೇಳೋದು ಸುಳ್ಳಲ್ಲ, ಆದ್ರೆ ಹೊರಗಿಂದ ತಳ್ಳೋದು ನಿಲ್ಲದೇ ಇದ್ರೆ ತುಂಬಿದ ಜಾಗ ಬಿಟ್ಟು ಅದರ ಪಕ್ಕದಲ್ಲೇ ಹೊಸ ಬಿರುಕು ಬರತ್ತೆ. ವಾರಂಟಿ ಕಾಗದ ತೆಗೆದು ಓದಿ, ಸಾಮಾನ್ಯವಾಗಿ ತುಂಬಿದ ಬಿರುಕಲ್ಲಿ ನೀರು ಬಂದ್ರೆ ಮಾತ್ರ ಅಂತ ಇರತ್ತೆ, ಹೊಸ ಬಿರುಕಿಗೆ, ಗೋಡೆ ಬಾಗಿದ್ದಕ್ಕೆ ಅವರು ಜವಾಬ್ದಾರರಲ್ಲ. ನಿಮ್ಮ ಗೌಂಡಿ ಪ್ಲಾಸ್ಟರ್ ಎರಡು ಸಲ ಬಿಟ್ಟಿದ್ದೂ ಇದಕ್ಕೇ, ಅವನ ಕೆಲಸದ ತಪ್ಪಲ್ಲ, ಕೆಳಗಿನ ಗೋಡೆನೇ ಅಲ್ಲಾಡ್ತಿರುವಾಗ ಮೇಲಿನ ಅರ್ಧ ಇಂಚು ಪ್ಲಾಸ್ಟರ್ ಏನು ತಾನೆ ಮಾಡತ್ತೆ. ಒಳಗಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಯೋ ಯೋಚನೆ ಇದ್ರೆ ಅದೂ ಬೇಡ. ನೀರು ಹಿಂದಿಂದ ತಳ್ಳತ್ತೆ, ಪೇಂಟ್ ಗುಳ್ಳೆ ಎದ್ದು ಸುಲಿಯತ್ತೆ, ಅಷ್ಟರಲ್ಲಿ ನೀರು ಗೋಡೆಯೊಳಗೇ ಉಳಿದು ರಾಡಿಗೆ ತುಕ್ಕು.

ಈ ವಾರ ಮಾಡೋ ಕೆಲಸ, ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ತಾರಸಿ ಪೈಪನ್ನ ತಿರುಗಿಸಿ ಸೈಟಿನ ತಗ್ಗಿನ ಕಡೆ, ಮನೆಯಿಂದ ದೂರಕ್ಕೆ ಒಯ್ದು ಬಿಡಿ, ಬೇವಿನ ಮರದ ಮೂಲೆಗಂತೂ ಬೇಡ. ಗಟಾರದ್ದು ಮಹಾನಗರ ಪಾಲಿಕೆಗೆ ಬರವಣಿಗೆಯಲ್ಲಿ ದೂರು ಕೊಡಿ, ಗೋಡೆಯ ಫೋಟೋ ಸಮೇತ, ಸ್ವೀಕೃತಿ ತಗೊಳ್ಳಿ. ಅವರು ಕಟ್ಟೋವರೆಗೂ ನಿಮ್ಮ ಮನೆ ಮುಂದಿನ ಉದ್ದಕ್ಕಾದ್ರೂ ನೀರು ನಿಲ್ಲದೆ ಮುಂದೆ ಹರಿಯೋ ಹಾಗೆ ಇಳಿಜಾರು ಕೊಟ್ಟು, ದಪ್ಪ ಪ್ಲಾಸ್ಟಿಕ್ ಶೀಟ್ ಹಾಸೋಕೆ ಆಗತ್ತಾ ಅಂತ ಅವರನ್ನೇ ಕೇಳಿ. ಆ ಕಡೆ ಗೋಡೆಗೆ ಒತ್ಕೊಂಡು ಲಾರಿ ನಿಲ್ಲಿಸೋದು, ಯಾರಾದ್ರೂ ಮನೆ ಕಟ್ಟೋರು ಜಲ್ಲಿ, ಎಂ-ಸ್ಯಾಂಡ್ ಗುಡ್ಡೆ ಹಾಕೋದು ಇದ್ರೆ ಮುಲಾಜಿಲ್ಲದೆ ನಿಲ್ಲಿಸಿ, ಆ ಭಾರವೂ ಗೋಡೆಗೇ ಬರೋದು.

ಜೊತೆಗೆ ಗೋಡೆ ಹೊಟ್ಟೆ ಬಿಟ್ಟಿದೆಯಾ ನೋಡಿ. ಗೋಡೆ ಮೇಲ್ತುದಿಗೆ ಎರಡು ಇಂಚು ಹೊರಗೆ ಬರೋ ಹಾಗೆ ಒಂದು ಮೊಳೆ ಹೊಡೆದು ಗೌಂಡಿ ಹತ್ರ ಇರೋ ತೂಕದ ಗುಂಡು ಇಳಿಬಿಡಿ, ಅದು ಅಲ್ಲಾಡೋದು ನಿಂತ ಮೇಲೆ ಪ್ರತಿ ಒಂದಡಿಗೆ ದಾರಕ್ಕೂ ಗೋಡೆಗೂ ಎಷ್ಟು ಅಂತರ ಅಂತ ಸ್ಕೇಲಲ್ಲಿ ಅಳೆದು ಗೋಡೆ ಮೇಲೇ ಪೆನ್ಸಿಲಲ್ಲಿ ತಾರೀಖು ಹಾಕಿ ಬರೀರಿ. ಪ್ಲಾಸ್ಟರ್ ಏರುಪೇರಿಂದಾನೂ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ಬರತ್ತೆ, ಅದಕ್ಕೇ ಮೊದಲ ಅಳತೆ ನೋಡಿ ತಲೆ ಕೆಡಿಸ್ಕೋಬೇಡಿ, ಮುಂದಿನ ತಿಂಗಳು ಅದು ಬದಲಾಗಿದೆಯಾ ಅನ್ನೋದು ಮುಖ್ಯ. ಬಿರುಕಿನ ಎರಡೂ ತುದಿಗೆ ಅಡ್ಡ ಗೀಟು ಎಳೆದು ತಾರೀಖು ಬರೀರಿ, ಗೀಟು ದಾಟಿ ಮುಂದೆ ಹೋದ್ರೆ ಗೊತ್ತಾಗತ್ತೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ, ಪ್ಲಾಸ್ಟರ್ ಕೆತ್ತಿ ಕಾಂಕ್ರೀಟಿಗೇ ಎರಡು ತುದಿ ಅಂಟಿಸಿ, ಗೋಡೆ ಅಲ್ಲಾಡಿದ್ರೆ ಗಾಜು ಸೀಳತ್ತೆ. ಹಳೇ ಉಪಾಯ, ಆದ್ರೆ ಸುಳ್ಳು ಹೇಳಲ್ಲ.

ಬಲಗಡೆ ಮತ್ತೆ ಮೇಲಿನ ಬಿರುಕನ್ನ ಹೀಗೆ ಒಂದು ವರ್ಷ, ಅಂದ್ರೆ ಒಂದು ಬೇಸಿಗೆ ಒಂದು ಮಳೆಗಾಲ ಪೂರ್ತಿ, ಗಮನಿಸಬಹುದು. ರಸ್ತೆ ಕಡೆ ಗೋಡೆಗೆ ಮಾತ್ರ ಅಷ್ಟು ಕಾಯ್ಬೇಡಿ. ಕೆಮಿಕಲ್ ಮಾರೋರಲ್ಲದ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ, ಫೀಸ್ ಕೊಟ್ಟು. ಅವರು ಸ್ಕ್ಯಾನರ್ ಇಟ್ಟು ಸ್ಟೀಲ್ ಎಲ್ಲಿದೆ, ಎಷ್ಟು ದೂರಕ್ಕೊಂದಿದೆ ಅಂತ ಗುರುತಿಸ್ತಾರೆ, ಬೇಕಿದ್ರೆ ಒಂದೆರಡು ಕಡೆ ಕೆತ್ತಿ ನೋಡ್ತಾರೆ, ಆಮೇಲೆ ಗೋಡೆ ಆ ಒತ್ತಡ ತಡೆಯತ್ತಾ ಅಂತ ಲೆಕ್ಕ ಹಾಕ್ತಾರೆ. ಅಳತೆ ತಿಂಗಳಿಂದ ತಿಂಗಳಿಗೆ ಬೆಳೀತಿದ್ರೆ ಒಳಗಿಂದ ತಾತ್ಕಾಲಿಕವಾಗಿ ಸ್ಟೀಲ್ ಪ್ರಾಪ್, ಅಂದ್ರೆ ಕಬ್ಬಿಣದ ಊರೆ, ಕೊಡೋಕೂ ಅವರೇ ಹೇಳಬೇಕು, ನೀವೇ ಮರದ ಕಂಬ ಆನಿಸಿ ಸಮಾಧಾನ ಪಟ್ಕೋಬೇಡಿ.

ಅವರು ಏನೇನು ಹೇಳಬಹುದು? ಮೊದಲ ದಾರಿ ಹೊರಗಿಂದ ಅಗೆದು ನೀರಿಗೆ ದಾರಿ ಮಾಡೋದು, ನನ್ನ ಒಲವೂ ಅದಕ್ಕೇ. ಎರೆಮಣ್ಣು ತೆಗೆದು ಗೋಡೆಗೆ ಹೊರಗಿಂದ ಮೆಂಬ್ರೇನ್, ಅಂದ್ರೆ ನೀರು ತಡೆಯೋ ಪದರ, ಹಚ್ಚಿ, ಬುಡದಲ್ಲಿ ತೂತಿನ ಪೈಪ್, ಸುತ್ತ ಜಿಯೋಟೆಕ್ಸ್‌ಟೈಲ್ ಅನ್ನೋ, ನೀರು ಬಿಟ್ಟು ಮಣ್ಣು ತಡೆಯೋ ಬಟ್ಟೆ ಸುತ್ತಿದ ಜಲ್ಲಿ, ಆ ಪೈಪು ಸೈಟಿನ ತಗ್ಗಿಗೆ ಹೋಗಿ ಬೀಳಬೇಕು. ಇದರಲ್ಲಿ ಅಪಾಯ ಎರಡು. ಜೆಸಿಬಿ ತಂದು 24 ಅಡೀನೂ ಒಂದೇ ದಿನ ಬಗೆದು ಬಿಟ್ರೆ ರಸ್ತೆ ಕಡೆ ಮಣ್ಣು ಕುಸಿದು ಒಳಗಿದ್ದವರ ಮೇಲೆ ಬೀಳತ್ತೆ, ಪಾಯದ ಮಟ್ಟಕ್ಕಿಂತ ಕೆಳಗೆ ಹೋದ್ರೆ ಪಾಯದ ಬುಡವೇ ಸಡಿಲ ಆಗತ್ತೆ, ಅದಕ್ಕೇ ಎಂಟೆಂಟು ಅಡಿ ಭಾಗ ಮಾಡಿ, ಹಲಗೆ ಆನಿಸಿ, ಬೇಸಿಗೇಲೇ ಮಾಡಬೇಕು, ರಸ್ತೆ ಜಾಗ ಅಂದ್ಮೇಲೆ ಪಾಲಿಕೆ ಅನುಮತಿ, ಕೆಳಗಿನ ಕೇಬಲ್ ಪೈಪ್ ಎಲ್ಲಾ ನೋಡಬೇಕು. ಎರಡನೇದು, ತುಂಬಾ ಜನ ಎಡವೋ ಜಾಗ. ಎರೆಮಣ್ಣು ತೆಗೆದು ಜಲ್ಲಿ, ಗರಸು ತುಂಬಿ, ಪೈಪ್ ಮಾತ್ರ ಎಲ್ಲಿಗೂ ಹೋಗ್ದೇ ಇದ್ರೆ ನೀವು ಗೋಡೆ ಪಕ್ಕ ಒಂದು ನೀರಿನ ತೊಟ್ಟಿ ಕಟ್ಟಿಸಿದ ಹಾಗೆ, ಇದಕ್ಕಿಂತ ಮೊದಲಿದ್ದಿದ್ದೇ ವಾಸಿ. ಮೇಲ್ಗಡೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಹೊರಗಿಳಿಜಾರಿನ ಕಾಂಕ್ರೀಟ್ ಹಾಸಿ ಮುಚ್ಚಲೇಬೇಕು.

ರಸ್ತೆ ಅಗೆಯಕ್ಕೆ ಬಿಡಲ್ಲ ಅಂದ್ರೆ ಗೋಡೆ ಬುಡದಲ್ಲಿ ಒಳಗಿಂದ ತೂತು ಹಾಕಿ ಆ ನೀರನ್ನ ಸೆಲ್ಲರ್ ಒಳಗಿನ ಸಣ್ಣ ಕಾಲುವೆಗೆ, ಅಲ್ಲಿಂದ ತೊಟ್ಟಿಗೆ ಬಿಟ್ಟು ಪಂಪಲ್ಲಿ ಎತ್ತಿ ಹಾಕೋದು. ನೋಡಕ್ಕೆ ಚೆಂದ ಇಲ್ಲ, ನೀರನ್ನ ಮನೆಯೊಳಗೆ ಕರೀತಿದೀವಲ್ಲ ಅಂತ ಮನೆಯವರು ಜಗಳ ಆಡ್ತಾರೆ, ಜೋರು ಮಳೇಲಿ ಕರೆಂಟ್ ಹೋದ್ರೆ ಪಂಪೂ ನಿಲ್ಲತ್ತೆ. ಆದ್ರೆ ಹಿಂದೆ ನಿಂತ ನೀರಿನ ಒತ್ತಡ ಇಳಿಯತ್ತೆ, ಅದು ನಿಜ.

ಲೆಕ್ಕದಲ್ಲಿ ಗೋಡೆ ದುರ್ಬಲ ಅಂತ ಬಂದ್ರೆ ಬಲ ಕೊಡಬೇಕು. ಕಾರ್ಬನ್ ಫೈಬರ್ ಪಟ್ಟಿ ಒಳಗಿನ ಮೈಗೆ ಅಂಟಿಸ್ತಾರೆ, ಜಾಗ ತಿನ್ನಲ್ಲ, ಆದ್ರೆ ಒದ್ದೆ ಗೋಡೆಗೆ ಅಂಟಲ್ಲ, ಈಗಾಗಲೇ ಜಾಸ್ತಿ ಬಾಗಿರೋ ಗೋಡೆಗೆ ಅಷ್ಟು ಉಪಯೋಗಾನೂ ಇಲ್ಲ. ಇನ್ನೊಂದು, ಒಳಗಡೆ ಆರೇಳು ಅಡಿಗೊಂದು ಆರ್‌ಸಿಸಿ ಆಸರೆ ಕಂಬ, ಕೆಳಗೂ ಮೇಲೂ ಸರಿಯಾಗಿ ಬಿಗಿದು. ಸೆಲ್ಲರಲ್ಲಿ ಸ್ವಲ್ಪ ಜಾಗ ಹೋಗತ್ತೆ. ನಿಮ್ಮಂಥ ಮನೆಗೆ ನನಗೆ ಇದೇ ಜಾಸ್ತಿ ನಂಬಿಕೆ. ಇದೆಲ್ಲ ಆದ ಮೇಲೆ, ಕೊನೆಗೆ, ಅಡ್ಡ ಬಿರುಕಿಗೆ ಎಪಾಕ್ಸಿ. ಕೆಮಿಕಲ್‌ನವರು ಹೇಳಿದ ಔಷಧಿ ತಪ್ಪಲ್ಲ, ಸರದಿ ತಪ್ಪು.

ಬಲಗಡೆ ಬಿರುಕಿಗೆ ಬರೋಣ. ವರ್ಷ ಪೂರ್ತಿ ಅಗಲ ಬದಲಾಗ್ಲಿಲ್ಲ ಅಂದ್ರೆ ಅಲ್ಲಿ ಇರೋದು ಸೋರೋ ಸಮಸ್ಯೆ ಮಾತ್ರ, ಬಲದ್ದಲ್ಲ, ಅದಕ್ಕೆ ಪಿಯು, ಅಂದ್ರೆ ಪಾಲಿಯುರೆಥೇನ್ ಅನ್ನೋ ರಾಳ, ಸಾಕು. ಬಿರುಕಿನ ಆಚೆ ಈಚೆ ಒಂದು ಬಿಟ್ಟು ಒಂದು, ಆರೆಂಟು ಇಂಚಿಗೊಂದು ಓರೆ ತೂತು ಕೊರೀತಾರೆ, ಗೋಡೆ ದಪ್ಪದ ಮಧ್ಯದಲ್ಲಿ ಅದು ಬಿರುಕನ್ನ ದಾಟಬೇಕು, ಅದಕ್ಕೆ ಪ್ಯಾಕರ್ ಅನ್ನೋ ಸಣ್ಣ ನಳಿಕೆ ಬಿಗಿದು ಕೆಳಗಿಂದ ಮೇಲಕ್ಕೆ ಪಂಪ್ ಮಾಡ್ತಾ ಬರ್ತಾರೆ, ಮೇಲಿನ ತೂತಲ್ಲಿ ಪಿಯು ಉಕ್ಕಿದ ಮೇಲೇ ಅಲ್ಲಿಗೆ ಹೋಗಬೇಕು. ನಿಂತು ನೋಡಿ, ಮೇಲಿಂದ ಶುರು ಮಾಡಿದ್ರೆ, ಒಂದೊಂದಕ್ಕೂ ಲೆಕ್ಕಕ್ಕೆ ಎರಡು ಸಲ ಒತ್ತಿ ಮುಂದೆ ಹೋದ್ರೆ ಕೆಲಸ ನಿಲ್ಲಿಸಿ. ಇನ್ನೊಂದು ವಿಷಯ ಕೇಳಲೇಬೇಕು, ಅವರು ತರೋ ಪಿಯು ನೀರು ಹೀರಿ ಊದೋ ಜಾತಿನಾ ಅಂತ. ಅದು ಯಾವಾಗ್ಲೂ ಒದ್ದೆ ಇರೋ ಕಡೆಗೆ ಸರಿ, ಹುಬ್ಬಳ್ಳಿ ಬೇಸಿಗೇಲಿ ಒಣಗಿ ಕುಗ್ಗಿ ಮುಂದಿನ ಮಳೆಗೆ ಮತ್ತೆ ಸೋರತ್ತೆ. ನಿಮಗೆ ನೀರನ್ನ ಹೀರಿಕೊಳ್ಳದ, ಗಟ್ಟಿಯಾದ ಮೇಲೂ ರಬ್ಬರಿನ ಹಾಗೆ ಬಾಗೋದು ಬೇಕು.

ಇನ್ನು ಮೇಲಿನ ಬೆಡ್‌ರೂಮಿನ ಮೆಟ್ಟಿಲಾಕಾರದ ಬಿರುಕು. ಬೇಸಿಗೇಲಿ ತೆರೆದು ಮಳೆಗಾಲಕ್ಕೆ ಮುಚ್ಚತ್ತೆ ಅಂದ್ರೆ ಆ ಮೂಲೆ ಪಾಯದ ಕೆಳಗಿನ ಮಣ್ಣು ಒಣಗಿ ಕೂರ್ತಿದೆ, ಒದ್ದೆಯಾದಾಗ ಮತ್ತೆ ಏಳ್ತಿದೆ. ಹತ್ತಡಿ ದೂರದ ಬೇವು ಬೇಸಿಗೇಲಿ ಅಲ್ಲಿನ ತೇವಾಂಶ ಎಳ್ಕೊಳ್ಳೋದು ಸೇರಿ ಜಾಸ್ತಿ ಆಗಿದೆ. ಹಾಗಂತ ನಾಳೇನೇ ಮರ ಕಡಿಸ್ಬೇಡಿ! ದೊಡ್ಡ ಮರ ಒಮ್ಮೆಗೇ ಹೋದ್ರೆ ಅದು ಕುಡೀತಿದ್ದ ನೀರೆಲ್ಲ ಮಣ್ಣಲ್ಲೇ ಉಳಿದು ಮುಂದಿನ ವರ್ಷಗಳಲ್ಲಿ ಮೂಲೆ ಮೇಲಕ್ಕೆ ಏಳತ್ತೆ, ಆಗ ಬೇರೆ ತರ ಸೀಳತ್ತೆ. ಪ್ರತಿ ವರ್ಷ ಕೊಂಬೆ ಸವರಿಸಿ ಚಿಕ್ಕದಾಗಿ ಇಡಿ, ಆ ಮೂಲೆ ಸುತ್ತ ಕಾಂಕ್ರೀಟ್ ಹಾಸಿ ಮಳೆಗೂ ಬಿಸಿಲಿಗೂ ಮಣ್ಣಿನ ತೇವ ಏರಿಳಿಯೋದು ಕಮ್ಮಿ ಆಗೋ ಹಾಗೆ ಮಾಡಿ, ಬಚ್ಚಲ ನೀರು ಅಲ್ಲಿ ಬೀಳ್ತಿದ್ರೆ ತಿರುಗಿಸಿ. ಬಿರುಕಿಗೆ ಗಟ್ಟಿ ಸಿಮೆಂಟ್ ತುಂಬಬೇಡಿ, ಮಳೆಗಾಲಕ್ಕೆ ಮುಚ್ಚಕ್ಕೆ ಜಾಗ ಇಲ್ಲದೆ ಪಕ್ಕದ ಬ್ಲಾಕ್ ಒಡೆಯತ್ತೆ, ಎಳೆದ್ರೆ ಹಿಗ್ಗೋ ಸೀಲೆಂಟ್ ಹಾಕಿ. ಬ್ಲಾಕ್ ಗೋಡೆ ಸೀಳಿದ್ರೆ ಅಷ್ಟು ಚಿಂತೆ ಇಲ್ಲ, ಆದ್ರೆ ಇಂಜಿನಿಯರ್ ಬಂದಾಗ ಆ ಮೂಲೆಯ ಬೀಮು ಕಂಬ ಸೇರೋ ಜಾಗ ತೋರಿಸಿ, ಅಲ್ಲೂ ಬಿರುಕು ಇದ್ರೆ ಪಾಯದ ಕೆಳಗೆ ಬಲ ಕೊಡೋ ಮಾತು ಬರತ್ತೆ, ಅದು ದುಬಾರಿ ಕೆಲಸ, ಹೆಚ್ಚಿನ ಮನೆಗಳಿಗೆ ಅಲ್ಲಿವರೆಗೂ ಹೋಗೋ ಅಗತ್ಯ ಬೀಳಲ್ಲ.

ಕೆಮಿಕಲ್‌ನವರಿಗೆ ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿದ್ರೆ ಬಲಗಡೆ ಗೋಡೆ ಒಂದಕ್ಕೆ ಮಾತ್ರ, ಅಡಿ ಲೆಕ್ಕದಲ್ಲಿ, ಬೇಸಿಗೇಲಿ ಮಾಡ್ಕೊಡಿ ಅಂತ ಮಾತಾಡಿ ನೋಡಿ. ಇನ್ನೊಮ್ಮೆ ಬರೆಯುವಾಗ ರಸ್ತೆ ಕಡೆ ಬಿರುಕಿನ ಪಕ್ಕ ಸ್ಕೇಲ್ ಇಟ್ಟು ತೆಗೆದ ಫೋಟೋ, ತೂಕದ ಗುಂಡಿನ ಎರಡು ತಿಂಗಳ ಅಳತೆ, ಮತ್ತೆ ಮಣ್ಣು ತುಂಬಿಸಿದ್ದು ಮೇಲಿನ ಸ್ಲ್ಯಾಬ್ ಹಾಕೋಕೆ ಮುಂಚೆನಾ ಆಮೇಲಾ ಅನ್ನೋದನ್ನ ಗೌಂಡಿಯನ್ನ ಕೇಳಿ ಬರೀರಿ.